ಕಾಗೆಬಂಗಾರದ ಮನೆ ಕಟ್ಟೋ ಹುಳ

"ಇಲ್ನೋಡು, ಇದ್ರೊಳಗೆ ಒಬ್ಬ ಇದಾನೆ" ಅಂತ ನನ್ನ ಗಂಡ ಹೊಳೆಯಿಂದ ಒಂದು ಒದ್ದೆ ಕಲ್ಲು ಎತ್ತಿ ನನ್ನ ಮುಂದೆ ಹಿಡಿದ್ರು.

ಮದುವೆಯಾಗಿ ತಿಂಗಳಾಗಿತ್ತು. ಅವರಾಗೇ ನನ್ನ ಹತ್ರ ಆಡಿದ ಮೊದಲನೇ ಮಾತು ಅದು ಅಂದ್ರೆ ನಂಬ್ತೀರಾ?

ಎಪ್ಪತ್ತರ ದಶಕದ ಕೊನೆ. ಕ್ಯಾತ್ಸಂದ್ರದಲ್ಲಿ ಬೆಳೆದ ನಾನು ಗುಬ್ಬಿ ಕಡೆ ಹಳ್ಳಿಗೆ ಸೊಸೆಯಾಗಿ ಹೋಗಿದ್ದೆ. ಮನೆ ತುಂಬ ಜನ. ಅತ್ತೆ, ಮಾವ, ಮೈದುನರು, ನಾದಿನಿಯರು... ಗಂಡನ ಜೊತೆ ಮಾತಾಡೋದಿರಲಿ, ಎದುರು ನಿಲ್ಲೋಕೂ ಜಾಗ ಇರ್ಲಿಲ್ಲ.

ಗುಬ್ಬೀಲಿ ಅವರಿಗೆ ಸರ್ಕಾರಿ ಕೆಲಸ. ಭಾನುವಾರ ರಜೆ, ಅವತ್ತು ಎತ್ತು ತೊಳೆಯೋಕೆ ಶಿಂಷಾ ಹೊಳೆಗೆ ಹೋಗೋರು. ಬಟ್ಟೆ ಗಂಟು ಹೊತ್ಕೊಂಡು ಹಿಂದೆ ನಾನು.

ಆ ಕಲ್ಲಿನ ಮೇಲೆ ಭತ್ತಕ್ಕಿಂತ ಚೂರು ದಪ್ಪದ ಕೊಳವೆ. ಮರಳಿನ ಕಣ, ಮಧ್ಯೆ ಮಧ್ಯೆ ಕಾಗೆಬಂಗಾರದ ಚೂರು, ಬಿಸಿಲಿಗೆ ಮಿಣಮಿಣ ಅಂತಿತ್ತು. ನೋಡ್ತಾ ನೋಡ್ತಾ ಒಂದು ಪುಟ್ಟ ತಲೆ ಹೊರಗೆ ಇಣುಕ್ತು!

ಆ ಹುಳ ಬಾಯಿಂದ ನೂಲು ಬಿಟ್ಟು ಒಂದೊಂದೇ ಕಣ ಅಂಟಿಸ್ಕೊಂಡು ಮನೆ ಕಟ್ಕೊಳ್ಳುತ್ತಂತೆ. ರೆಕ್ಕೆ ಬಂದ್ಮೇಲೆ ಮನೆ ಬಿಟ್ಟು ಹಾರೋಗುತ್ತಂತೆ.

"ನಮಗೂ ಇಂಥದ್ದೊಂದು ಪುಟ್ಟ ಮನೆ ಇದ್ದಿದ್ರೆ..." ಅಂದ್ರು ಮೆಲ್ಲಗೆ. ನಾನು ನಾಚ್ಕೊಂಡು ಹಿಂಡಿದ ಸೀರೇನೇ ಮತ್ತೆ ಮತ್ತೆ ಹಿಂಡ್ದೆ.

ಆಮೇಲೆ ಭಾನುವಾರ ಯಾವಾಗ ಬರುತ್ತೋ ಅಂತ ಕಾಯೋದೇ ಕೆಲಸ. ಕಲ್ಲು ಎತ್ತೋದು, ಮೂರು ಬಾಲದ ಹುಳ, ಏಡಿ ಮರಿ ನೋಡೋದು, ಹಾಗೇ ಪಿಸುಪಿಸು ಮಾತು. ಸೊಟ್ಟ ಮನೆ ಕಟ್ಟಿದ ಹುಳ ಸಿಕ್ಕಿದ್ರೆ "ಇದು ನಿಮ್ಮ ಕಡೇದು" ಅಂತ ರೇಗಿಸೋರು.

ಒಂದೆರಡು ವರ್ಷಕ್ಕೆ ಹೊಳೆ ಮೇಲ್ಗಡೆ ಒಡ್ಡು ಕಟ್ಟಿ ಗೇಟ್ ಇಟ್ರು. ಗದ್ದೆಗೆ ನೀರು ಬಂತು, ಊರೆಲ್ಲ ಖುಷಿ. ನಮ್ಮನೇಲೂ.

ಆದ್ರೆ ಗೇಟ್ ಮುಚ್ಚಿದ್ರೆ ಕೆಳಗೆ ಹೊಳೆ ಬಣಬಣ. ತೆಗೆದ್ರೆ ಒಂದೇ ಸಲಕ್ಕೆ ಕೆಂಪು ನೀರು ನುಗ್ಗೋದು. ಕಲ್ಲಿಗೆ ಕಚ್ಕೊಂಡು ಒಣಗಿದ್ದ ಆ ಮನೆಗಳನ್ನ ಮುಟ್ಟಿದ್ರೆ ಬರೀ ಮರಳಾಗಿ ಉದುರ್ತಿತ್ತು.

ಇಬ್ರೂ ಒಡ್ಡಿನ ತನಕ ನಡ್ಕೊಂಡು ಹೋದ್ವಿ. ಗೇಟ್ ನೋಡ್ಕೊಳ್ತಿದ್ದ ಗಂಗಣ್ಣ ಬೀಡಿ ಸೇದ್ತಾ ಕೂತಿದ್ದ.

"ಗಂಗಣ್ಣ, ಪೂರ್ತಿ ಮುಚ್ಚಬೇಡ. ಒಂದು ಬೆರಳಷ್ಟು ಸಂದಿ ಬಿಡು" ಅಂದ್ರು ಇವರು.

"ಯಾಕೆ ಸ್ವಾಮಿ, ದನಕ್ಕಾ?"

ಇವರು ನನ್ನ ಮುಖ ನೋಡಿದ್ರು. ನಾನೇ ಬಾಯಿಬಿಟ್ಟೆ, "ಅಲ್ಲ ಗಂಗಣ್ಣ... ಹುಳಕ್ಕೆ."

ಕೆಮ್ಮು ಬರೋ ತನಕ ನಕ್ಕ. "ಅದ್ಯಾವ ಹುಳ ಕಣವ್ವ, ನಂಗೂ ತೋರ್ಸು ಬಾ" ಅಂತ ಕೆಳಗಿಳಿದು ಬಂದ. ಒಡ್ಡಿನ ಬುಡದ ಗುಂಡೀಲಿ ಇನ್ನೂ ಒಂದಷ್ಟು ಜೀವ ಹಿಡ್ಕೊಂಡಿದ್ವು. ಕುಕ್ಕರಗಾಲಲ್ಲಿ ಕೂತು ನೋಡೇ ನೋಡ್ದ.

"ಬುಡಿ, ಯಾರಾದ್ರೂ ಕೇಳೋಗಂಟ ನೀರು ಬುಡ್ತೀನಿ."

ಆ ಬೇಸಿಗೆ ಪೂರ್ತಿ ಕಲ್ಲುಗಳ ನಡುವೆ ದಾರದಂಗೆ ನೀರು ಹರೀತು. ಹುಳಗಳು ಉಳ್ಕೊಂಡ್ವು. ನಮ್ಮ ಭಾನುವಾರಗಳೂ.

ಮುಂದಿನ ವರ್ಷ ಗಂಗಣ್ಣನೇ ಮನೆ ಬಾಗಿಲಿಗೆ ಬಂದ. "ಬೇಜಾರ್ ಮಾಡ್ಕೋಬ್ಯಾಡಿ ಕಣವ್ವ. ನೀರು ಪೋಲಾಗ್ತದೆ ಅಂತ ಕಡೇ ಗದ್ದೆಯವ್ರು ಗಲಾಟೆ ಎಬ್ಬಿಸವ್ರೆ. ಮುಚ್ಚಿಬುಟ್ಟೆ."

ಅವರ ಹೊಟ್ಟೆಪಾಡು ಅದು. ನಮ್ಮ ತಟ್ಟೆಗೆ ಬೀಳ್ತಿದ್ದ ಅನ್ನಾನೂ ಅದೇ ನೀರಿಂದು.

ಆಮೇಲೂ ಕೆಲವು ವಾರ ಕಲ್ಲು ತಿರುವಿ ನೋಡಿದ್ವಿ. ಲೋಳೆ ಪಾಚಿ ಬಿಟ್ರೆ ಏನಿಲ್ಲ. ಒಂದು ಭಾನುವಾರ ಇವರು ಕಲ್ಲು ಎತ್ತಲೇ ಇಲ್ಲ. ಎತ್ತು ತೊಳೆದು, ಹಗ್ಗ ಹಿಡ್ಕೊಂಡು ಸುಮ್ನೆ ಮನೆ ಕಡೆ ಹೊರಟ್ರು. ನಾನೂ ಕರೀಲಿಲ್ಲ.

ಎಂಬತ್ತರ ದಶಕದಲ್ಲಿ ಇವರಿಗೆ ತುಮಕೂರಿಗೆ ಟ್ರಾನ್ಸ್‌ಫರ್ ಆಯ್ತು. ಮರಳೂರಲ್ಲಿ ಬಾಡಿಗೆ ಮನೆ. ಮೊದಲಿಗೆ ನಾವಿಬ್ರೇ. ಬಾಗಿಲು ಹಾಕ್ಕೊಂಡು ಎಷ್ಟು ಬೇಕಾದ್ರೂ ಮಾತಾಡಬಹುದಿತ್ತು...

ಆದ್ರೆ ಅಲ್ಲಿ ನಾವು ಆಡಿದ್ದೆಲ್ಲ ಸೀಮೆಎಣ್ಣೆ, ಹಾಲು, ಆಮೇಲಾಮೇಲೆ ಮಕ್ಕಳ ಸ್ಕೂಲ್ ಫೀಸ್. ಜಗಳ ಇಲ್ಲ, ಕೋಪ ಇಲ್ಲ. ಒಳ್ಳೆ ಮನುಷ್ಯ ಅವರು. ಆ ಪಿಸುಮಾತು ಮಾತ್ರ ಹೊಳೆ ಹತ್ರಾನೇ ಉಳ್ಕೊಂಡ್ಬಿಡ್ತು.

ಇದನ್ನ ಟೈಪ್ ಮಾಡ್ತಿರೋವಾಗ ಇವರು ಪಕ್ಕದ ರೂಮಲ್ಲಿ ಪೇಪರ್ ಓದ್ತಿದಾರೆ. ಎದ್ದು ಹೋಗಿ ಹತ್ರ ಕೂತ್ಕೊಂಡು ಮಾತಾಡ್ಬೇಕು ಅನ್ನಿಸ್ತಿದೆ...

ಏನಂತ ಶುರು ಮಾಡ್ಲಿ, ಹೇಳಿ?