ಪುನರ್ಪುಳಿ ಬೀಜಕ್ಕೆ ಗಾಣ ಕಚ್ಚಿಕೊಂಡ ದಿನ

ಯಾವ ಹಣ್ಣು ಕೈಗೆ ಸಿಕ್ಕಿದರೂ ಮೊದಲು ಅದರ ಬೀಜ ಒಡೆದು ನೋಡುವುದು ಮರಕಡದ ವಾರಿಜಾಕ್ಷಿಯ ಅಭ್ಯಾಸ. ತಿರುಳನ್ನು ಹಳೆಯ ಪೇಪರಿನ ಚೂರಿಗೆ ಉಜ್ಜಿ ಕಿಟಕಿಯ ಮೇಲೆ ಇಡುತ್ತಾಳೆ. ಮರುದಿನ ಕಲೆ ಒಣಗಿ ಮಾಯವಾಗಿದ್ದರೆ ಅದು ಬರೀ ನೀರು. ಕಲೆ ಹಾಗೇ ಉಳಿದು, ಬೆಳಕಿಗೆ ಹಿಡಿದರೆ ಆಚೆಯ ಬದಿ ಕಂಡರೆ ಎಣ್ಣೆ. ರಂಬುಟಾನ್, ಸೀತಾಫಲ, ಬೆಣ್ಣೆಹಣ್ಣು, ಪಪ್ಪಾಯಿ, ಒಂದನ್ನೂ ಬಿಟ್ಟವಳಲ್ಲ. ಮದುವೆಯ ಊಟಕ್ಕೆ ಹೋದವಳು ಕರವಸ್ತ್ರದಲ್ಲಿ ಬೀಜ ಕಟ್ಟಿಕೊಂಡು ಬಂದದ್ದೂ ಉಂಟು. ಗಂಡ ಜಯ ಆಟೋ ಓಡಿಸುವವನು. ಸೀಟಿನ ಕೆಳಗೆ ಸಿಗುವ ಬೀಜಗಳನ್ನು ನೋಡಿ ನಗುತ್ತಾನೆ, ಎಸೆಯುವುದಿಲ್ಲ.

ಹತ್ತೊಂಬತ್ತು ವರ್ಷ ಅವಳು ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಒಡೆದಿದ್ದಳು. ಗೇರು ಸಿಪ್ಪೆಯ ಎಣ್ಣೆ ಕೈಗೆ ತಾಗಿದರೆ ಚರ್ಮವೇ ಸುಲಿದು ಬರುತ್ತದೆ. ಅವಳ ಎರಡು ಬೆರಳ ತುದಿಗಳು ಇಂದಿಗೂ ಕಪ್ಪು. ಎಸೆಯುವ ಸಿಪ್ಪೆಯೊಳಗೆ ಇಷ್ಟು ಬಲದ ಎಣ್ಣೆ ಇದ್ದರೆ ಉಳಿದ ಬೀಜಗಳಲ್ಲಿ ಎಂತೆಂಥದ್ದು ಇರಬಹುದು ಎಂಬ ಯೋಚನೆ ಅವಳಿಗೆ ಅಲ್ಲಿಯೇ ಹತ್ತಿದ್ದು. ಕಾರ್ಖಾನೆ ಮುಚ್ಚಿದ ಮೇಲೆ ಸ್ತ್ರೀಶಕ್ತಿ ಗುಂಪಿನವರ ಸಹಾಯದಿಂದ ಒಂದು ಎಣ್ಣೆ ತೆಗೆಯುವ ಯಂತ್ರ ತರಿಸಿದಳು. ಹೊಲಿಗೆ ಮೆಷಿನ್ನಿಗಿಂತ ಸ್ವಲ್ಪ ದೊಡ್ಡದು. ಮೇಲಿನಿಂದ ಕೊಬ್ಬರಿ ಸುರಿದರೆ ಒಳಗಿನ ದಪ್ಪ ಸ್ಕ್ರೂ ಅದನ್ನು ಉಕ್ಕಿನ ಕೊಳವೆಯೊಳಗೆ ಹಿಂಡುತ್ತಾ ಮುಂದಕ್ಕೆ ನೂಕುತ್ತದೆ. ಎಣ್ಣೆ ಕೊಳವೆಯ ಸೀಳುಗಳಿಂದ ತಟ್ಟೆಗೆ ಇಳಿಯುತ್ತದೆ, ಹಿಂಡಿ ತುದಿಯಿಂದ ಹೊರಬೀಳುತ್ತದೆ. ಬಜಪೆಗೆ ಹೋಗುವ ರಸ್ತೆಯ ಪಕ್ಕದ ಅವಳ ಶೆಡ್ಡಿಗೆ ಸುತ್ತಲಿನ ಮನೆಯವರು ಕೊಬ್ಬರಿ ತರುತ್ತಿದ್ದರು. ಬದುಕು ಸಾಗುತ್ತಿತ್ತು.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಪಕ್ಕದ ಮನೆಯ ನೆಲ್ಲಿಬಾಯಿ ಪುನರ್ಪುಳಿ ಶರಬತ್ತು ಮಾಡುತ್ತಿದ್ದರು. ಆ ಕೆಂಪು ಹುಳಿಹಣ್ಣಿನ ಸಿಪ್ಪೆ ಸಕ್ಕರೆಯ ಜೊತೆ ಭರಣಿಗೆ ಹೋಗುತ್ತಿತ್ತು, ಬೀಜ ಬಕೆಟ್ಟಿಗೆ ಬೀಳುತ್ತಿತ್ತು. ವಾರಿಜಾಕ್ಷಿ ಬಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು.

"ಇದನ್ನು ಎಂತ ಮಾಡ್ತೀರಿ ಬಾಯಿ?"

"ತೆಂಗಿನ ಬುಡಕ್ಕೆ ಹಾಕುವುದು. ಅದರಲ್ಲಿ ಎಂತ ಉಂಟು?"

ಮರುದಿನ ಪೇಪರಿನ ಚೂರು ಕಿಟಕಿಯ ಗಾಜಿನ ಹಾಗೆ ಆಗಿತ್ತು. ವಾರಿಜಾಕ್ಷಿಗೆ ಅಜ್ಜಿಯ ನೆನಪಾಯಿತು. ಅಜ್ಜಿ ಈ ಬೀಜವನ್ನು ಕುಟ್ಟಿ, ನೀರಿನಲ್ಲಿ ಅರ್ಧ ದಿನ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ಸೌಟಿನಲ್ಲಿ ತೆಗೆದು ನಿಂಬೆಗಾತ್ರದ ಉಂಡೆ ಮಾಡುತ್ತಿದ್ದಳು. ಒಡೆದ ಹಿಮ್ಮಡಿಗೆ ಅದೇ ಮದ್ದು. ಅಷ್ಟು ಕಷ್ಟಪಡಲು ಈಗ ಯಾರಿಗೂ ಪುರುಸೊತ್ತಿಲ್ಲ. ಗಾಣಕ್ಕೆ ಹಾಕಿದರೆ ಹೇಗೆ ಎಂದು ಪೇಟೆಯ ಎಣ್ಣೆ ಮಿಲ್ಲಿನವರನ್ನು ಕೇಳಿದಳು. ಅದು ಯಂತ್ರದಲ್ಲಿ ಬರುವ ಜಾತಿಯಲ್ಲ ಎಂದು ಅವರು ತಿರುಗಿ ನೋಡದೆಯೇ ಹೇಳಿಬಿಟ್ಟರು. ಆ ಮಾತು ಕೇಳಿದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಎಂಟು ದಿನ ಬೀಜ ಒಣಗಿಸಿದಳು. ಕುಟ್ಟಿ, ಗೆರಸೆಯಲ್ಲಿ ಕೇರಿ, ಒಂದು ಚೂರು ಸಿಪ್ಪೆಯೂ ಉಳಿಯದಂತೆ ತಿರುಳು ಬೇರೆ ಮಾಡಿದಳು. ಒಂದು ಬುಧವಾರ ಬೆಳಿಗ್ಗೆ ಯಂತ್ರಕ್ಕೆ ಸುರಿದು ಸ್ವಿಚ್ ಹಾಕಿದಳು. ಹಿಂಡಿ ಬರಬೇಕಾದಲ್ಲಿ ಚಟ್ನಿಯಂಥ ಮುದ್ದೆ ಬಂತು. ಎಣ್ಣೆಯ ಸುಳಿವಿಲ್ಲ. ಅವಳು ಮುದ್ದೆಯನ್ನೇ ಮತ್ತೆ ಮತ್ತೆ ಒಳಗೆ ಹಾಕಿದಳು. ಕೊಳವೆ ಬಿಸಿಯಾಗುತ್ತಾ ಬಂದಂತೆ ಸೀಳಿನ ಅಂಚಿನಲ್ಲಿ ಹಳದಿಯ ಒಂದು ಹನಿ ಮೂಡಿತು, ಪಕ್ಕದಲ್ಲಿ ಇನ್ನೊಂದು. ಅವಳು ಬಗ್ಗಿ ನೋಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಬಂದದ್ದು ಊಟದ ಹೊತ್ತು ದಾಟಿದ ಮೇಲೆ. ಸ್ವಿಚ್ ಹಾಕಿದರೆ ಮೋಟಾರು ಗುಂಯ್‌ಗುಡುತ್ತದೆ, ಸ್ಕ್ರೂ ಅಲುಗುವುದಿಲ್ಲ. ಬೆಲ್ಟು ಸುಟ್ಟ ವಾಸನೆ. ಸ್ವಿಚ್ ತೆಗೆದವಳೇ ನೆಲ್ಲಿಬಾಯಿಯ ಮನೆಗೆ ಓಡಿದಳು. ಅವರ ಗಂಡ ಗ್ರೆಗರಿ ಪಣಂಬೂರು ಬಂದರಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಕ್ರೇನ್‌ಗಳ ಹಲ್ಲುಚಕ್ರ ಬಿಚ್ಚಿ ಜೋಡಿಸಿದ ಕೈ. ಕ್ರಿಶ್ಚಿಯನ್ ಹಿರಿಯರನ್ನು ತುಳುವರು ಕರೆಯುವಂತೆ ಅವಳು ಅವರನ್ನು ಪೊರ್ಬುಲು ಎಂದೇ ಕರೆಯುವುದು.

"ಪೊರ್ಬುಲೇ, ಗಾಣ ಕಚ್ಚಿಕೊಂಡಿದೆ. ಒಮ್ಮೆ ಬನ್ನಿ."

ಗ್ರೆಗರಿ ಸ್ಪ್ಯಾನರ್ ಹಿಡಿದು ಬಂದರು. ಕೊಳವೆಯ ಮೇಲೆ ಬಿಸಿನೀರು ಸುರಿಸಿ, ಬಟ್ಟೆ ಸುತ್ತಿ, ತಿರುಗಿಸಿ ತಿರುಗಿಸಿ ಸ್ಕ್ರೂವನ್ನು ಹೊರಗೆಳೆದರು. ಅದರ ಸುರುಳಿಗಳ ನಡುವೆ ಬಿಳಿಯ ಗಟ್ಟಿ ಪದಾರ್ಥ ತುಂಬಿ ಕೂತಿತ್ತು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಎದ್ದಿತು.

"ಇದು ಎಣ್ಣೆ ಅಲ್ಲ ಮಾರ್ರೆ, ಮೇಣದ ಬತ್ತಿ. ನಿಮ್ಮ ಮೆಷಿನ್ ಹಾಳು ಮಾಡಿದ್ದೇ ಇದು," ಎಂದರು.

ವಾರಿಜಾಕ್ಷಿ ಆ ಪುಡಿಯನ್ನು ಅಂಗೈಗೆ ಹಾಕಿ ಉಜ್ಜಿದಳು. ಅದು ಕರಗಿ ಚರ್ಮದೊಳಗೆ ಇಳಿಯಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಗಾಣ ಕೆಟ್ಟು ಕೂತಿದೆ, ನೀವು ನಗ್ತೀರಿ."

"ಇಷ್ಟು ಗಟ್ಟಿ ಕಚ್ಚಿಕೊಳ್ಳಬೇಕಾದರೆ ಒಳಗೆ ಎಷ್ಟು ಇಳಿದಿರಬೇಕು, ನೀವೇ ಹೇಳಿ. ಬರುವುದಿಲ್ಲ ಅಂತ ಹೇಳಿದರಲ್ಲ ಆ ಮಿಲ್ಲಿನವರು. ಬಂದಿದೆ. ಹೊರಗೆ ಬರಲಿಕ್ಕೆ ದಾರಿ ಸಿಗಲಿಲ್ಲ, ಅಷ್ಟೇ."

ಗ್ರೆಗರಿ ಸ್ಕ್ರೂವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಿವೃತ್ತರಾದ ಮೇಲೆ ಅವರ ಮುಖದಲ್ಲಿ ಅಂಥ ಬೆಳಕನ್ನು ಅವಳು ಕಂಡಿರಲಿಲ್ಲ. "ತಣ್ಣಗಾಗಲಿಕ್ಕೆ ಬಿಡಬಾರದು ಇದನ್ನು," ಎಂದರು. "ಮೊದಲಿನಿಂದ ಕೊನೆಯವರೆಗೆ ಬಿಸಿ ಬೇಕು. ಎರಡು ದಿನ ಕೊಡಿ ನನಗೆ."

ಎರಡು ದಿನದಲ್ಲಿ ಅವರು ಕೊಳವೆಯ ಉದ್ದಕ್ಕೂ ಬಿಸಿಮಾಡುವ ಪಟ್ಟಿ ಸುತ್ತಿದರು. ಎಣ್ಣೆ ಬೀಳುವ ತಟ್ಟೆಯನ್ನು ಬಿಸಿನೀರಿನ ಪಾತ್ರೆಯ ಮೇಲೆ ಕೂರಿಸಿದರು. ಯಂತ್ರ ಈಗ ಕಚ್ಚಿಕೊಳ್ಳಲಿಲ್ಲ. ಆದರೆ ಚಟ್ನಿ ಮಾತ್ರ ಹಾಗೇ ಬರುತ್ತಿತ್ತು. ಗ್ರೆಗರಿ ಸ್ಕ್ರೂ ಸವೆದಿದೆ ಎಂದರು. ವಾರಿಜಾಕ್ಷಿ ಮುದ್ದೆಯನ್ನು ಬೆರಳುಗಳ ನಡುವೆ ತಿಕ್ಕುತ್ತಾ ಯೋಚಿಸಿದಳು. ಕೊಬ್ಬರಿಯಲ್ಲಿ ನಾರು ಉಂಟು, ಸ್ಕ್ರೂ ಅದನ್ನು ಹಿಡಿದು ನೂಕುತ್ತದೆ. ಈ ತಿರುಳು ಬೆಣ್ಣೆಯ ಹಾಗೆ, ಹಿಡಿತವೇ ಇಲ್ಲ. ತಾನು ಅಷ್ಟು ಚಂದ ಮಾಡಿ ಕೇರಿ ಎಸೆದ ಸಿಪ್ಪೆಯೇ ಬೇಕಾಗಿತ್ತು.

"ಸಿಪ್ಪೆ ಹಾಕಿದರೆ ಇದ್ದ ಎಣ್ಣೆಯನ್ನೂ ಅದೇ ಕುಡಿಯುತ್ತದೆ," ಎಂದರು ಗ್ರೆಗರಿ.

"ಕುಡಿಯಲಿ. ನೋಡುವ."

ಮೊದಲ ಸಲ ಸಿಪ್ಪೆ ಹೆಚ್ಚಾಗಿ ಹಿಂಡಿ ಒಣಗಿ ಹೊಗೆಯಾಡಿತು. ಕಡಿಮೆ ಮಾಡಿದರೆ ಮತ್ತೆ ಮುದ್ದೆ. ಮೂರನೆಯ ದಿನ, ನಾಲ್ಕು ಹಿಡಿ ತಿರುಳಿಗೆ ಒಂದು ಹಿಡಿ ಸಿಪ್ಪೆ ಬೆರೆಸಿ ಹಾಕಿದಾಗ ಯಂತ್ರದ ಸದ್ದೇ ಬೇರೆಯಾಯಿತು. ಮೋಟಾರಿನ ಗೊಣಗಾಟ ನಿಂತು ಒಂದು ಭಾರವಾದ, ನಿಧಾನದ ಲಯ ಹಿಡಿಯಿತು. ತುದಿಯಿಂದ ಹಿಂಡಿ ಗರಿಗರಿಯಾಗಿ, ಹಪ್ಪಳದ ಚೂರಿನಂತೆ ಬೀಳತೊಡಗಿತು. ಸೀಳುಗಳಲ್ಲಿ ಮೂಡಿದ ಹನಿಗಳು ಒಂದಕ್ಕೊಂದು ಕೂಡಿಕೊಂಡು ದಾರವಾದವು, ದಾರ ಧಾರೆಯಾಯಿತು. ತಟ್ಟೆಯಲ್ಲಿ ತಿಳಿಹಳದಿಯ ಎಣ್ಣೆ ಅಂಚಿನವರೆಗೆ ಏರುತ್ತಿದ್ದಂತೆ ವಾರಿಜಾಕ್ಷಿ "ಪಾತ್ರೆ, ಪಾತ್ರೆ," ಎನ್ನುತ್ತಾ ಶೆಡ್ಡಿನೊಳಗೆ ದಿಕ್ಕೆಟ್ಟು ಸುತ್ತಿದಳು. ಕೊನೆಗೆ ನೆಲ್ಲಿಬಾಯಿ ತಮ್ಮ ಶರಬತ್ತಿನ ಭರಣಿಯನ್ನೇ ತಂದು ಹಿಡಿದರು. ಬಾಡಿಗೆ ಮುಗಿಸಿ ಬಂದ ಜಯ ಬಾಗಿಲಲ್ಲೇ ನಿಂತುಬಿಟ್ಟ. ನಾಲ್ಕು ಜನ ದೊಡ್ಡವರು ಒಂದು ಧಾರೆಯನ್ನು ನೋಡುತ್ತಾ ನಿಂತಿದ್ದರು.

ಸಂಜೆಯ ಹೊತ್ತಿಗೆ ಭರಣಿಯಲ್ಲಿದ್ದದ್ದು ಹೆಪ್ಪುಗಟ್ಟಿ ಬೆಳ್ಳಗಾಯಿತು. ನೆಲ್ಲಿಬಾಯಿ ಚಮಚದಲ್ಲಿ ಕೆರೆದು ಮೊಣಕೈಗೆ ಹಚ್ಚಿಕೊಂಡರು, ಮೂಸಿದರು. "ಅಂಗಡಿಯ ಕ್ರೀಮಿಗಿಂತ ಒಳ್ಳೆಯದುಂಟು. ನಾನು ಇಷ್ಟು ವರ್ಷ ಇದನ್ನು ತೆಂಗಿಗೆ ತಿನ್ನಿಸಿದೆನಲ್ಲ," ಎಂದು ಪೇಚಾಡಿಕೊಂಡರು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಬಲ್ಮಠದಲ್ಲಿ ಮನೆಯಲ್ಲೇ ಸಾಬೂನು ಮಾಡುವ ಫರ್ಝಾನಾ ಎಂಬವಳು ಒಂದು ಡಬ್ಬಿ ಒಯ್ದವಳು ವಾರದೊಳಗೆ ತಿರುಗಿ ಬಂದು, ಇರುವುದೆಲ್ಲ ತನಗೇ ಬೇಕು ಎಂದು ಕುಳಿತಳು. ಮುಂದಿನ ಬೇಸಿಗೆಯಲ್ಲಿ ಜ್ಯೂಸಿನವರು, ಶರಬತ್ತಿನವರು ಎಸೆಯುವ ಬೀಜವನ್ನು ಗೋಣಿಗಟ್ಟಲೆ ತಂದು ಶೆಡ್ಡಿನ ಮುಂದೆ ಇಳಿಸಿದರು. ಪೇಟೆಯ ಮಿಲ್ಲಿನವರೂ ಒಬ್ಬ ಕೆಲಸದವನನ್ನು ಕಳಿಸಿ ಹೇಗೆ ತೆಗೆಯುವುದೆಂದು ಕೇಳಿಸಿದರು. ವಾರಿಜಾಕ್ಷಿ ಅವನಿಗೆ ಚಹಾ ಕೊಟ್ಟು, ಸಿಪ್ಪೆಯ ಲೆಕ್ಕವನ್ನೂ ಹೇಳಿಯೇ ಕಳಿಸಿದಳು.

ಈ ವರ್ಷ ಸಮುದ್ರದ ಬದಿಯವರೊಬ್ಬರು ಒಂದು ಮೂಟೆ ಹೊನ್ನೆಕಾಯಿ ತಂದರು. ದೀಪಕ್ಕೆ ಅದರ ಎಣ್ಣೆ ಬೇಕಂತೆ. ತಿನ್ನುವ ಎಣ್ಣೆಯಲ್ಲ ಅದು, ಕಹಿ ವಿಷ. ಕೊಬ್ಬರಿ ಹಿಂಡುವ ಗಾಣಕ್ಕೆ ತೋರಿಸುವ ಹಾಗಿಲ್ಲ ಎಂದು ವಾರಿಜಾಕ್ಷಿ ಮೂಟೆಯನ್ನು ದೂರವಿಟ್ಟಳು. ಹಿಂದಕ್ಕೆ ಕಳಿಸಲು ಮಾತ್ರ ಮನಸ್ಸು ಬರಲಿಲ್ಲ. ಮೂರೇ ದಿನದಲ್ಲಿ ಗ್ರೆಗರಿ ಗುಜರಿಯಿಂದ ತುಕ್ಕು ಹಿಡಿದ ಹಳೆಯ ಯಂತ್ರವೊಂದನ್ನು ಜಯನ ಆಟೋದಲ್ಲಿ ಹೇರಿಸಿಕೊಂಡು ಬಂದರು.

"ಇದು ತಿನ್ನದ ಹಣ್ಣುಗಳಿಗೆ," ಎಂದರು. "ಬಿಚ್ಚುವ ಕೆಲಸ ನನ್ನದು, ಜೋಡಿಸುವುದು ನಿಮ್ಮದು. ಕಲಿಯಿರಿ."

ಐವತ್ತಮೂರರ ವಾರಿಜಾಕ್ಷಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಪ್ಯಾನರ್ ಕೈಗೆತ್ತಿಕೊಂಡಳು. ನಾಳಿದ್ದು ಶನಿವಾರ ಹೊನ್ನೆಯ ಸರದಿ.