ಕಿವಿಗೊಂದು ದನಿ, ಹಜಾರಕ್ಕೊಂದು

ಆಸ್ಪತ್ರೆಯ ವಿಚಾರಣೆ ಮೇಜಿನಲ್ಲಿ ಹದಿಮೂರು ವರ್ಷದಿಂದ ಕೂರುತ್ತಿದ್ದ ಆಕೆಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟಿನಿಂದಲೇ ಕಣ್ಣಿಲ್ಲ. ಪರದೆಯ ಮೇಲಿರುವುದನ್ನೆಲ್ಲ ಕಂಪ್ಯೂಟರು ಇಯರ್‌ಫೋನಿನಲ್ಲಿ ಓದಿ ಹೇಳುತ್ತಿತ್ತು. ಅಕ್ಕನ ಬೆರಳು ಕೀಬೋರ್ಡಿನ ಮೇಲೆ ಪಟಪಟನೆ ಓಡುತ್ತಿತ್ತು.

ಸರದಿ ಸಂಖ್ಯೆ ಕೂಗುವ ಕೆಲಸವನ್ನೂ ಅದೇ ಕಂಪ್ಯೂಟರಿಗೆ ಅಂಟಿಸಿ, ತಂತ್ರಜ್ಞ ಹಜಾರದ ಗೋಡೆಗೆ ದೊಡ್ಡ ಸ್ಪೀಕರು ಹಾಕಿ ಹೋದ. ಮರುದಿನ ಬೆಳಿಗ್ಗೆ ಊರಿನ ಟೈಲರಣ್ಣ ಡಾಕ್ಟರಿಗೆ ತೋರಿಸಿಕೊಳ್ಳಲು ಬಂದ. ಅಕ್ಕ ಅವನ ಕಡತ ತೆರೆದಳು. ಕಿವಿಯಲ್ಲಿ ಸದ್ದೇ ಇಲ್ಲ. ಗೋಡೆಯಿಂದ ದನಿ ಮೊಳಗಿತು: "ಮೂಲವ್ಯಾಧಿ. ಎರಡನೇ ಶಸ್ತ್ರಚಿಕಿತ್ಸೆ."

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಟೈಲರಣ್ಣನ ಚಪ್ಪಲಿಯ ಸದ್ದು ಬಾಗಿಲ ಕಡೆಗೆ ಹೋಯಿತು. ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ತಂತ್ರಜ್ಞನಿಗೆ ಫೋನು ಮಾಡಿದರೆ, "ಕಂಪ್ಯೂಟರಿಗೆ ಒಂದೇ ಬಾಯಿ ಅಕ್ಕಾ. ಇಲ್ಲ ನಿಮ್ಮ ಕಿವಿಗೆ, ಇಲ್ಲ ಹಜಾರಕ್ಕೆ. ಮುಂದಿನ ವಾರ ನೋಡೋಣ" ಎಂದ.

"ಇವತ್ತು ಇನ್ನೂ ನಲವತ್ತು ಜನ ಇದಾರಪ್ಪಾ!"

ಸ್ಪೀಕರಿನ ವೈರು ಕಿತ್ತಿಟ್ಟಳು. ಓದುವ ದನಿ ಕಿವಿಗೆ ಮರಳಿತು. ಮಧ್ಯಾಹ್ನದವರೆಗೂ ಗಂಟಲು ಹರಿದುಕೊಂಡು ತಾನೇ ಸಂಖ್ಯೆ ಕೂಗಿದಳು. ಊಟದ ಹೊತ್ತಿಗೆ ಹಜಾರ ಬರಿದಾದಾಗ ವೈರು ಮತ್ತೆ ಸಿಕ್ಕಿಸಿ, ಗೋಡೆಯಿಂದ ಬರುವ ದನಿ ಕೇಳುತ್ತಲೇ ಸೆಟ್ಟಿಂಗಿನೊಳಗೆ ಒಂದೊಂದೇ ಸಾಲು ಇಳಿಯುತ್ತ ಹೋದಳು. ಕೊನೆಗೊಂದು ಪಟ್ಟಿ ಸಿಕ್ಕಿತು: ಪ್ರತಿ ಪ್ರೋಗ್ರಾಮಿನ ಸದ್ದು ಯಾವುದಕ್ಕೆ ಹೋಗಬೇಕೆಂದು ಅಲ್ಲೇ ಬೇರೆ ಬೇರೆಯಾಗಿ ಆರಿಸಬಹುದಿತ್ತು. ಓದುವ ದನಿಯನ್ನು ಇಯರ್‌ಫೋನಿಗೆ, ಸಂಖ್ಯೆ ಕೂಗುವುದನ್ನು ಸ್ಪೀಕರಿಗೆ ಕೊಟ್ಟಳು.

ಪರೀಕ್ಷೆಗೆ ಬೇರೆಯವರ ಕಡತ ಮುಟ್ಟಲು ಮನಸ್ಸಾಗಲಿಲ್ಲ. ತನ್ನದನ್ನೇ ತೆರೆದಳು. ಎರಡು ಸಲ ಗರ್ಭ ನಿಲ್ಲದೆ ಹೋದದ್ದು, ಅದಕ್ಕಾಗಿ ನುಂಗಿದ ಮಾತ್ರೆಗಳು, ಮನೆಯವರಿಗೂ ಪೂರ್ತಿ ಹೇಳದ ವಿಷಯ, ಎಲ್ಲವೂ ಇಯರ್‌ಫೋನಿನಲ್ಲಿ ಕೇಳಿಸಿತು. ಆಮೇಲೆ ಒಂದು ಸಂಖ್ಯೆ ಒತ್ತಿದಳು.

"ಏನೇನು ಕೇಳಿಸ್ತೇ?" ಎಂದು ಹಜಾರದಲ್ಲಿ ನೆಲ ಒರೆಸುತ್ತಿದ್ದವಳನ್ನು ಕೂಗಿ ಕೇಳಿದಳು.

"ನಲವತ್ತೊಂದು ಅಂತು. ಅಷ್ಟೇ ಅಕ್ಕಾ. ಯಾಕೆ?"

"ಏನಿಲ್ಲ ಬಿಡೇ."

ಸಂಜೆ ಟೈಲರಣ್ಣನಿಗೆ ಫೋನು ಮಾಡಿದಳು. "ತಪ್ಪಾಯ್ತು ಅಣ್ಣಾ. ಇನ್ನು ಹಾಗಾಗಲ್ಲ."

"ಆ ಡಬ್ಬದ ತಪ್ಪಿಗೆ ನೀವೇನು ಮಾಡ್ತೀರಿ?"

"ಡಬ್ಬಕ್ಕೆ ಮಾನ ಮರ್ಯಾದೆ ಎಲ್ಲಿಂದ ಬರಬೇಕು? ಹೊಸದು ಅಂದ್ಮೇಲೆ ನಾನು ಮೊದಲು ನೋಡ್ಕೋಬೇಕಿತ್ತು."

ಅವನು ಫೋನಿಟ್ಟ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಎಂಟನೇ ದಿನ ಬಾಗಿಲು ತೆರೆಯುವ ಹೊತ್ತಿಗೇ ಬಂದು ಮೇಜಿನ ಹತ್ತಿರ ಬಗ್ಗಿದ. "ಜನ ಸೇರೋಕೆ ಮುಂಚೆ ಬಂದುಬಿಟ್ಟೆ," ಎಂದ ಸಣ್ಣ ದನಿಯಲ್ಲಿ.

ಅವನಿಗೆ ಆ ಸ್ಪೀಕರಿನ ಮೇಲೆ ಇನ್ನೂ ನಂಬಿಕೆ ಬಂದಿಲ್ಲವೆಂದು ಅಕ್ಕನಿಗೆ ತಿಳಿಯಿತು. "ಒಳ್ಳೇದಾಯ್ತು, ಡಾಕ್ಟರೂ ಬಂದಿದಾರೆ," ಎಂದು ಅವನನ್ನೇ ಮೊದಲು ಒಳಗೆ ಕಳಿಸಿದಳು.