ನಮ್ಮನೇಲಿ ನಾಲ್ಕು ಓಟು

ಹೋದ ಭಾನುವಾರ ನಾನು ಜಡ್ಜ್ ಆಗಿದ್ದೆ. ಕೋರ್ಟು ನಡೆದದ್ದು ಕಿರುಗಾವಲಿನ ಹತ್ತಿರದ ಒಂದು ಹಳ್ಳಿಯ ಕೊಟ್ಟಿಗೆಯಲ್ಲಿ. ಕೇಸು ಒಂದು ಟಗರಿನದು. ವಾದಿ, ಪ್ರತಿವಾದಿ, ಬೇಡವೆಂದರೂ ಬಂದು ನಿಂತ ಇಪ್ಪತ್ತು ಮೂವತ್ತು ಜನ, ಎಲ್ಲರೂ ಹಾಜರು. ಟಗರೂ ಹಾಜರಿತ್ತು. ಅಗಸೆ ಸೊಪ್ಪು ತಿನ್ನುತ್ತಿತ್ತು.

ನನ್ನನ್ನು ಜಡ್ಜ್ ಮಾಡಿದ್ದು ಸರ್ಕಾರ ಅಲ್ಲ, ಆ ಊರಿನ ಟೀ ಅಂಗಡಿ. ಅದು ನನ್ನ ಹೆಂಡತಿಯ ತವರೂರು. ಎಲೆಕ್ಷನ್ ಮುಗಿದ ಎರಡನೇ ದಿನ ಅಲ್ಲೊಂದು ಬೀಗರ ಊಟಕ್ಕೆ ಹೋಗಿದ್ದೆ. ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಒಂದು ಟೀ ಕುಡಿಯೋಣ ಅಂತ ಅಂಗಡಿಗೆ ಹೋದೆ. ತಪ್ಪು ಮಾಡಿದೆ.

ಮಂಡ್ಯದ ಕಡೆಯ ಟೀ ಅಂಗಡಿಗೆ ಎಲೆಕ್ಷನ್ ಆದ ವಾರ ಹೋಗಿದ್ದೀರಾ? ಅಲ್ಲಿ ಸರ್ಕಾರ ರಚನೆಯಾಗಿ, ಖಾತೆ ಹಂಚಿಕೆಯೂ ಮುಗಿದಿರುತ್ತದೆ. ನೀರಾವರಿ ಯಾರಿಗೆ ಹೋಗಬೇಕು, ಯಾರಿಗೆ ಹೋದರೆ ನಾಲೆ ನೀರು ಕೊನೇ ಗದ್ದೆಯವರೆಗೆ ಬರುತ್ತದೆ, ಕಬ್ಬಿಗೆ ರೇಟು ಕೊಡಿಸುವ ಗಂಡಸು ಯಾರು, ಎಲ್ಲ ಇತ್ಯರ್ಥವಾಗಿರುತ್ತದೆ. ರಾಜ್ಯಪಾಲರು ಬಂದು ಒಂದು ಸೈನ್ ಹಾಕಿದರೆ ಮುಗಿಯಿತು.

ಅವತ್ತು ಅಂಗಡಿಯಲ್ಲಿ ನಮ್ಮ ಭಾವ ನಿಂಗಣ್ಣ, ಅಂದರೆ ನನ್ನ ಹೆಂಡತಿಯ ಅಣ್ಣ, ಒಂದು ಬೆಂಚಿನಲ್ಲಿ ಕೂತಿದ್ದ. ಎದುರು ಬೆಂಚಿನಲ್ಲಿ ಬೋರಣ್ಣ. ಇಬ್ಬರೂ ಒಂದೇ ಓರಗೆಯವರು, ಗದ್ದೆಗಳೂ ಅಕ್ಕಪಕ್ಕ. ಪಾರ್ಟಿ ಮಾತ್ರ ಬೇರೆ ಬೇರೆ. (ಯಾವ ಪಾರ್ಟಿ ಅಂತ ಬರೆಯುವುದಿಲ್ಲ. ಬರೆದರೆ ಬೆಳಗ್ಗೆ ಆರಕ್ಕೇ ನನ್ನ ಫೋನು ಶುರುವಾಗುತ್ತದೆ.)

"ನಮ್ಮೂರ್ ಬೂತಲ್ಲಿ ನಮ್ಮೋರ್ದೇ ಲೀಡು. ಬರ್ಕೊಳ್ಳಿ" ಅಂದ ನಿಂಗಣ್ಣ. "ಲೆಕ್ಕ ಆಕಿವ್ನಿ. ನಮ್ಮನೇಲೇ ನಾಕ್ ಓಟವೆ."

"ಬರೀ ಬಾಯಲ್ ಯೋಳ್ಬ್ಯಾಡ ಕಣ್ಲಾ. ಏನ್ ಕಟ್ಟೀಯ ಯೋಳು" ಅಂದ ಬೋರಣ್ಣ.

"ಟಗರು ಕಟ್ತೀನಿ ಕಣ್ಲಾ. ನೀನೇನ್ ಕಟ್ಟೀಯೆ?"

"ಅರ್ಧ ಮೀಸೆ. ನಮ್ಗೆ ಲೀಡ್ ಬರ್ನಿಲ್ಲ ಅಂದ್ರೆ ಈ ಬೆಂಚ್ ಮ್ಯಾಲೇ ಕೂತ್ಕೊಂಡು ಬೋಳುಸ್ಕತೀನಿ."

ಟಗರಿಗೆ ಅರ್ಧ ಮೀಸೆ ಸಮವೇ ಅಂತ ನೀವು ಕೇಳಬಹುದು. ಆ ಕಡೆ ಸಮವೇ. ಬೋರಣ್ಣನ ಮೀಸೆ ನೋಡಿದ್ದರೆ ನೀವೂ ಒಪ್ಪುತ್ತಿದ್ದಿರಿ.

ಬಾಜಿ ಅಂದಮೇಲೆ ನಡುವೆ ಒಬ್ಬ ಬೇಕು. ಯಾರ ಕಡೆಗೂ ಸೇರದವನು, ಆಮೇಲೆ ಮಾತು ಬದಲಿಸದವನು. ಎಲ್ಲರೂ ನನ್ನ ಕಡೆ ತಿರುಗಿದರು. "ಪೇಪರ್ಗೆ ಬರಿಯೋರು, ಇವ್ರೇ ಸರಿ" ಅಂದರು. ನಾನೂ ಕೊಂಚ ಉಬ್ಬಿದೆ. ಬೂತಿನಲ್ಲಿ ಯಾವ ಕಡೆಗೆ ಲೀಡೋ ಟಗರು ಆ ಕಡೆಯವರಿಗೆ ಅಂತ ನಾನೇ ಗಟ್ಟಿಯಾಗಿ ಹೇಳಿ, ಇಬ್ಬರ ಕೈಯನ್ನೂ ಹಿಡಿದು ಕೂಡಿಸಿದೆ. (ಬಾಜಿ ಕಟ್ಟುವುದು ಕಾನೂನಿಗೆ ವಿರುದ್ಧ. ಗೊತ್ತು. ಸಂಪಾದಕರು ಈ ಪ್ಯಾರಾ ಓದದೇ ಇರಲಿ.)

ಕೇಳಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ನಾನು ಕೇಳಲಿಲ್ಲ. ಟಗರು ಯಾರದು?

ಕೌಂಟಿಂಗ್ ಆಯಿತು. ರಾಜ್ಯದ ಕಥೆ ಟಿವಿಯಲ್ಲಿ ಬಂತು, ಆ ಊರಿನ ಬೂತಿನ ಕಥೆ ಏಜೆಂಟರ ಚೀಟಿಯಲ್ಲಿ ಬಂತು. ನಿಂಗಣ್ಣನ ಕಡೆಯವರು ಆ ಬೂತಿನಲ್ಲಿ ನಾಲ್ಕೇ ನಾಲ್ಕು ಓಟಿನಿಂದ ಹಿಂದೆ.

ನೂರು ಓಟಿನಿಂದ ಸೋತಿದ್ದರೆ ನಿಂಗಣ್ಣ ಹಣೆಬರಹ ಅಂತ ಸುಮ್ಮನಾಗುತ್ತಿದ್ದ. ನಾಲ್ಕು ಓಟು ಅಂದರೆ ಯಾರೋ ಕೈ ಕೊಟ್ಟಿದ್ದಾರೆ ಅಂತಲೇ ಅರ್ಥ. ಅವನೊಳಗೆ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಎದ್ದು ಕೂತ. ಮೂರು ದಿನ ತನಿಖೆ ನಡೆಸಿದ. ಕೊನೆಗೆ ಅನುಮಾನ ಟೈಲರ್ ಶಿವಣ್ಣನ ಮೇಲೆ ಬಂತು. ಸಾಕ್ಷಿ ಏನು ಅಂತ ನಾನು ಫೋನಿನಲ್ಲಿ ಕೇಳಿದೆ.

"ಓಟ್ ಆಕ್ಬುಟ್ಟು ಈಚೆ ಬಂದೋನು ನನ್ ಮಕ ನೋಡಿ ನಕ್ಕ ಕಣ್ ಭಾವ. ಯಾಕ್ ನಗ್ಬೇಕು?"

ಅಷ್ಟಕ್ಕೇ ಶಿವಣ್ಣನ ಅಂಗಡಿಗೆ ಹೋಗಿ, ಹೊಲಿಯಲು ಕೊಟ್ಟಿದ್ದ ಶರ್ಟನ್ನು ಅರ್ಧಕ್ಕೇ ಕಿತ್ತುಕೊಂಡು ಬಂದಿದ್ದ. ಒಂದು ತೋಳು ಇತ್ತು, ಇನ್ನೊಂದು ಇರಲಿಲ್ಲ. ಶಿವಣ್ಣನ ಜೊತೆ ಮಾತು ಬಿಟ್ಟ.

ಹೀಗಿರುವಾಗ ಬೋರಣ್ಣನ ಫೋನು ಬಂತು. "ಸಾರ್, ಭಾನ್ವಾರ ಬನ್ನಿ. ಟಗರು ನೀವೇ ಕೈಯಾರೆ ಇಡ್ಕೊಡ್ಬೇಕು." ಮಂಡ್ಯದಿಂದ ಮಳವಳ್ಳಿ, ಮಳವಳ್ಳಿಯಿಂದ ಕಿರುಗಾವಲಿನ ಬಸ್ಸು. (ನನ್ನ ಹೆಂಡತಿಯೂ ಬಂದಿದ್ದರೆ ಅವಳಿಗೆ ಟಿಕೆಟ್ ಇರಲಿಲ್ಲ. ಕರೆದೆ. "ನಿಮ್ಮ ಪಂಚಾಯ್ತಿಗೆ ನಾನ್ಯಾಕೆ?" ಅಂದಳು.)

ಹೋಗುವಷ್ಟರಲ್ಲಿ ಬೋರಣ್ಣ ಗೂಡ್ಸ್ ಆಟೋ ತಂದು ನಿಲ್ಲಿಸಿದ್ದ. ಕೈಯಲ್ಲಿ ಹೊಸ ಹಗ್ಗ. ಟೀ ಅಂಗಡಿಗೆ ಅವತ್ತು ರಜೆ. ಗಿರಾಕಿಗಳೆಲ್ಲ ಇಲ್ಲೇ ಇದ್ದರಲ್ಲ! ನಿಂಗಣ್ಣ ಜಗುಲಿಯ ಕಂಬಕ್ಕೆ ಒರಗಿ ಆಕಾಶ ನೋಡುತ್ತಿದ್ದ. ಜಗುಲಿಯ ಇನ್ನೊಂದು ತುದಿಯಲ್ಲಿ ಅವನ ತಾಯಿ, ನನ್ನ ಅತ್ತೆ, ಎಲೆ ಅಡಿಕೆ ಕುಟ್ಟುತ್ತಿದ್ದರು.

ಕೊಟ್ಟಿಗೆ ಬಾಗಿಲಲ್ಲಿ ನಿಂಗಣ್ಣನ ಹೆಂಡತಿ ಸಾಕಮ್ಮ ನಿಂತಿದ್ದಳು. ನನ್ನನ್ನು ಅಣ್ಣ ಅನ್ನುತ್ತಾಳೆ. ಕಣ್ಣು ಕೆಂಪಗಾಗಿದ್ದವು.

ಈ ಟಗರಿನ ಬಗ್ಗೆ ಹೇಳಲೇಬೇಕು. ಬಂಡೂರು ತಳಿ. ಕುಳ್ಳಗೆ, ಗುಂಡಗೆ ಇದೆ. ಹೆಸರೂ ಗುಂಡ. ಹುಟ್ಟಿದ ವಾರಕ್ಕೇ ತಾಯಿ ಸತ್ತಿತ್ತು. ಸಾಕಮ್ಮ ನಿಪ್ಪಲ್ ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಿ ಉಳಿಸಿಕೊಂಡವಳು. ಅವಳ ಹತ್ತಿರ ಒಂಬತ್ತು ಕುರಿಗಳಿವೆ. ತವರಿನಿಂದ ಎರಡು ತಂದು ಬೆಳೆಸಿದ್ದು. ಆ ಹಿಂಡಿಗೆ ಇರುವುದು ಇದೊಂದೇ ಟಗರು. ಸುತ್ತಮುತ್ತಲ ಊರಿನವರೂ ತಮ್ಮ ಕುರಿಗಳನ್ನು ಇಲ್ಲಿಗೇ ಹೊಡೆದುಕೊಂಡು ಬರುತ್ತಾರೆ. ಗುಂಡ ಹೋದರೆ ಮುಂದಿನ ಮರಿಗಳಿಲ್ಲ, ಅವಳ ಹತ್ತು ವರ್ಷದ ಕೆಲಸವಿಲ್ಲ. ಬೋರಣ್ಣನಿಗೆ ಅದು ಗೆದ್ದ ಖುಷಿಗೆ ಊರಿಗೆ ಹಾಕಿಸುವ ಒಂದು ಊಟ. ಮಸಾಲೆಯೂ ಆಗಲೇ ಬಂದಿತ್ತಂತೆ.

ನನಗೆ ನಾಚಿಕೆಯಾಯಿತು. ಕೈ ಕೂಡಿಸಿದವನು ನಾನೇ ತಾನೇ?

"ಅಣ್ಣ, ಬಾಜಿ ಏನಂತ ಕಟ್ಟಿದ್ರು? ನೀವ್ ಯೋಳಿದ್ದು ಎಂಗೋ ಅಂಗೇ ಯೋಳಿ" ಅಂದಳು ಸಾಕಮ್ಮ.

ಹೇಳಿದೆ. ಬೂತಿನಲ್ಲಿ ಯಾವ ಕಡೆಗೆ ಲೀಡೋ ಟಗರು ಆ ಕಡೆಯವರಿಗೆ.

"ಆ ಕಡೆಯೋರ್ಗೆ ಅಂತ ತಾನೆ?"

"ಹೌದು."

"ಅಂಗಾರೆ ಟಗರು ನಂದೇ. ನಾನು ಓಟಾಕಿದ್ದು ಆ ಕಡೆಗೇ."

ಗುಂಡ ಸೊಪ್ಪು ಅಗಿಯುತ್ತಲೇ ಇತ್ತು. ನಿಂಗಣ್ಣ ಆಕಾಶದಿಂದ ಕೆಳಗಿಳಿದ.

"ಏನಂದೆ?"

"ಅಲ್ಗೇ ಆಕ್ದೆ ಅಂದೆ."

"ನಾನ್ ಯೋಳಿರ್ನಿಲ್ವಾ ಯಾರ್ಗ್ ಆಕ್ಬೇಕೂಂತ? ಬಾಗ್ಲಲ್ಲಿ ನಿಂತ್ಕೊಂಡು ಚೀಟಿ ಕೊಟ್ನಲ್ಲ?"

"ಯೋಳಿದ್ರಿ. ನನ್ ಕೇಳಿದ್ರಾ?"

ಜಗುಲಿಯಲ್ಲಿ ಕುಟ್ಟಾಣಿಯ ಸದ್ದು ನಿಂತಿತು. "ಅವ್ಳುನ್ನ ಯಾಕ್ ಬಯ್ದೀಯ ಬುಡ್ಲಾ. ನಾನೂ ಅಲ್ಗೇ ಒತ್ತಿವ್ನಿ" ಅಂದರು ನನ್ನ ಅತ್ತೆ. ಆಮೇಲೆ ಮತ್ತೆ ಕುಟ್ಟತೊಡಗಿದರು. ನಿಂಗಣ್ಣ ಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಅವನ ಮಗಳು ಚೈತ್ರ ನಿಂತಿದ್ದಳು. ಮಳವಳ್ಳಿ ಕಾಲೇಜಿನಲ್ಲಿ ಡಿಗ್ರಿ ಓದುವವಳು, ಇದೇ ಅವಳ ಮೊದಲ ಓಟು. ಅಪ್ಪನ ಮುಖ ನೋಡಿ ಒಳಗೆ ಹೋದಳು. ಒಳಗಿನಿಂದ ನಗು ಕೇಳಿಸಿತು.

ಗುಂಪಿನಲ್ಲಿ ಯಾರೋ ಬೆರಳು ಮಡಚಿ ಲೆಕ್ಕ ಹಾಕಿದರು. ಮೂರು ಓಟು ಇಲ್ಲಿಂದ ಕಳೆದು ಅಲ್ಲಿ ಸೇರಿದರೆ ಆರರ ವ್ಯತ್ಯಾಸ. ಸೋತದ್ದು ನಾಲ್ಕರಲ್ಲಿ. ಅಂದರೆ ಈ ಮನೆಯ ಮೂರು ಹೆಂಗಸರು ನಿಂಗಣ್ಣ ಹೇಳಿದಂತೆ ಒತ್ತಿದ್ದರೆ ಅವನು ಎರಡು ಓಟಿನಿಂದ ಗೆಲ್ಲುತ್ತಿದ್ದ! ಮೂರು ದಿನ ಊರೆಲ್ಲ ಹುಡುಕಿದ ಕಳ್ಳರು ದಿನಾ ಅವನಿಗೇ ಮುದ್ದೆ ಬಡಿಸುತ್ತಿದ್ದರು.

ನನಗೆ ನಗು ಬಂತು. ಆದರೆ ಜಡ್ಜ್ ನಗಬಾರದು.

"ಅದೆಲ್ಲ ಸರಿ. ನನ್ ಬಾಜಿ ಏನಾಯ್ತು?" ಅಂದ ಬೋರಣ್ಣ. ಅವನ ಪ್ರಶ್ನೆಯಲ್ಲೂ ನ್ಯಾಯವಿತ್ತು. ಅವನು ಪಣಕ್ಕೆ ಇಟ್ಟಿದ್ದು ತನ್ನ ಮುಖದ ಮೇಲೆ ತಾನೇ ಬೆಳೆಸಿದ ಮೀಸೆ. ನಿಂಗಣ್ಣ ಇಟ್ಟಿದ್ದು ಹೆಂಡತಿ ಹಾಲು ಕುಡಿಸಿ ಬೆಳೆಸಿದ ಟಗರು. ಬೋರಣ್ಣ ಸೋತಿದ್ದರೆ ಅವನ ಮೀಸೆ ಹೋಗುತ್ತಿತ್ತು. ನಿಂಗಣ್ಣ ಸೋತರೂ ನಿಂಗಣ್ಣನದೇನೂ ಹೋಗುತ್ತಿರಲಿಲ್ಲ. ಇದೆಂಥ ಬಾಜಿ?

ಜಡ್ಜ್‌ಮೆಂಟ್ ಕೊಟ್ಟೆ. ತನ್ನದಲ್ಲದ್ದನ್ನು ಕಟ್ಟಿದ ಬಾಜಿ ಬಾಜಿಯೇ ಅಲ್ಲ, ಅದನ್ನು ನೋಡದೆ ಕೈ ಕೂಡಿಸಿದ್ದು ನನ್ನ ತಪ್ಪು. ಟಗರು ಸಾಕಮ್ಮನದು. ಸೋತವನು ತನ್ನದೇ ಏನಾದರೂ ಕೊಡಲಿ.

"ಭಾವ, ನಿಮ್ಮದು ಅಂತ ಏನಿದೆ ಹೇಳಿ" ಅಂದೆ.

ನಿಂಗಣ್ಣ ಯೋಚಿಸಿದ. ಗದ್ದೆ ಇನ್ನೂ ತಾಯಿಯ ಹೆಸರಲ್ಲಿದೆ. ಮನೆಯೂ ಅಷ್ಟೆ. ಕುರಿಗಳು ಹೆಂಡತಿಯವು. ಮನೆ ಮುಂದಿನ ಸ್ಕೂಟರ್ ಮಗಳದು. ಯೋಚಿಸುತ್ತಾ ಯೋಚಿಸುತ್ತಾ ಅವನ ಕೈ ಮೂಗಿನ ಕೆಳಗೆ ಹೋಯಿತು. ಅಲ್ಲೇ ನಿಂತಿತು. ಜನ ಹೋ ಅಂದರು.

ಬೋರಣ್ಣ ಒಳ್ಳೆಯ ಮನುಷ್ಯ. ಹಗ್ಗ ಸುತ್ತಿ ಆಟೋದೊಳಗೆ ಎಸೆದ. "ಟಗರಿಗಿಂತ ಇದೇ ವಾಸಿ ಕಣ್ಲಾ, ಊರೆಲ್ಲ ನೋಡುತ್ತೆ" ಅಂದ. ಟೀ ಅಂಗಡಿಯ ಬೆಂಚಿನ ಮೇಲೆ, ಮಧ್ಯಾಹ್ನ ಹನ್ನೆರಡಕ್ಕೆ, ನಿಂಗಣ್ಣನ ಬಲಗಡೆಯ ಮೀಸೆ ಹೋಯಿತು. ಹತ್ತು ನಿಮಿಷವಾದ ಮೇಲೆ ಎಡಗಡೆಯದನ್ನೂ ಅವನೇ ತೆಗೆಸಿಕೊಂಡ. ಅಲ್ಲಿಂದ ನೇರವಾಗಿ ಒಂದು ತೋಳಿನ ಶರ್ಟು ಹಿಡಿದು ಶಿವಣ್ಣನ ಅಂಗಡಿಗೆ ಹೋದ. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ವಾಪಸು ಬರುವಾಗ ಕೈಯಲ್ಲಿ ಶರ್ಟು ಇರಲಿಲ್ಲ.

ಊಟಕ್ಕೆ ಕೂತಾಗ ಸಾಕಮ್ಮನನ್ನು ಕೇಳಿದೆ. ಅಷ್ಟು ಹೊತ್ತು ಮೀಸೆಯ ಗದ್ದಲದಲ್ಲಿ ಯಾರೂ ಕೇಳಿರಲಿಲ್ಲ. ಯಾಕಮ್ಮ ಆ ಕಡೆಗೆ ಹಾಕಿದೆ?

"ನಾಲೆ ತಾವ ನಾವು ಬಟ್ಟೆ ಒಗಿಯೋ ಜಾಗ್ದಲ್ಲಿ ಮೆಟ್ಲಿಲ್ಲ ಅಣ್ಣ. ಏರಿ ಮ್ಯಾಲಿಂದ ಜಾರ್ಕೊಂಡೇ ಇಳಿಬೇಕು. ಓದ್ವರ್ಸ ನಾನೇ ಬಿದ್ದು ಕೈ ಮುರ್ಕೊಂಡೆ, ನಿಮ್ಗೆ ಗೊತ್ತಲ್ಲ. ಓಟ್ ಕೇಳಾಕೆ ಇಬ್ರೂ ಬಂದಿದ್ರು. ಇಬ್ರ್ಗೂ ಯೋಳ್ದೆ. ಒಬ್ಬ ನಿಮ್ ಭಾವುನ್ ಕಡೆ ತಿರುಕ್ಕೊಂಡು, ಮಾಡ್ಸಣ ಬುಡು ನಿಂಗಣ್ಣ ಅಂದ. ಇನ್ನೊಬ್ಬ, ಎಲ್ಲಿ ತೋರ್ಸಮ್ಮ ಅಂತ ನನ್ ಜೊತೆ ನಾಲೆಗಂಟ ಬಂದ."

"ಗೆದ್ದನಲ್ಲ, ಮೆಟ್ಟಿಲು ಕಟ್ಟಿಸುತ್ತಾನಾ?"

"ಕಟ್ತಾನೋ ಬುಡ್ತಾನೋ. ಗೆದ್ಮ್ಯಾಲೆ ಈ ಕಡೆ ತಲೇನೇ ಆಕಿಲ್ಲ. ಕಟ್ಟಿಸ್ನಿಲ್ಲ ಅಂದ್ರೆ ಮುಂದ್ಲ ಸಲ ಅವುನ್ಗೂ ಇಲ್ಲ. ಇನ್ನೊಂದು ಮುದ್ದೆ ಆಕ್ಲಾ?"

ಟಿವಿಯಲ್ಲಿ ವಾರಗಟ್ಟಲೆ ಕೂತು ಫಲಿತಾಂಶ ವಿಶ್ಲೇಷಣೆ ಮಾಡುತ್ತಾರಲ್ಲ, ಆ ಅಲೆ, ಈ ಅಲೆ, ಆ ಜಾತಿ, ಈ ಜಾತಿ. ನಾನೂ ಇದೇ ಅಂಕಣದಲ್ಲಿ ಎರಡು ವಾರ ಅದನ್ನೇ ಬರೆದೆ. ನಾಲೆಯ ಮೆಟ್ಟಿಲು ಎಲ್ಲೂ ಬರಲಿಲ್ಲ. ಟೀ ಅಂಗಡಿಯಲ್ಲಿ ಇಡೀ ರಾಜ್ಯದ ನೀರಾವರಿ ಖಾತೆ ಹಂಚಿದವರಿಗೂ ತಮ್ಮ ಮನೆಯ ಬಟ್ಟೆ ಒಗೆಯುವ ಜಾಗ ನೆನಪಾಗಲಿಲ್ಲ. ಅಲ್ಲಿ ಜಾರಿ ಬೀಳುವವರು ಅವರಲ್ಲವಲ್ಲ. ಬಿದ್ದವರನ್ನು ಯಾರೂ ಕೇಳಿರಲಿಲ್ಲ, ಅವರ ಓಟನ್ನು ಮಾತ್ರ ಎಣಿಸಿಕೊಂಡಿದ್ದರು.

ಸಂಜೆ ಮಂಡ್ಯಕ್ಕೆ ಬಂದೆ. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅಣ್ಣನ ಮೀಸೆ ಹೋದದ್ದಕ್ಕೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ನಗುತ್ತಿದ್ದಂತೆ ಒಂದು ವಿಷಯ ನೆನಪಾಗಿ ನಗು ಅರ್ಧಕ್ಕೇ ನಿಂತಿತು. ನಮ್ಮ ಗೇಟಿಗೆ ಓಟು ಕೇಳಿಕೊಂಡು ಬಂದವರಿಗೆಲ್ಲ, ಪ್ರತಿ ಎಲೆಕ್ಷನ್ನಿನಲ್ಲೂ ನಾನೇ ಹೋಗಿ ಹೇಳುವ ಮಾತು ಒಂದಿದೆ. "ನಮ್ಮನೇಲಿ ಮೂರು ಓಟಿದೆ ಕಣ್ರೀ, ಯೋಚ್ನೆ ಮಾಡ್ಬೇಡಿ."

"ಅಲ್ಲ, ನೀನು ಯಾರಿಗೆ ಹಾಕಿದೆ?" ಅಂತ ಕೇಳಿದೆ.

ಅವಳು ಕಣ್ಣೊರೆಸಿಕೊಂಡು, ಎದುರಿಗಿದ್ದ ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದಳು.

"ಮೂವತ್ತು ವರ್ಷ ಆಯ್ತು ಮದ್ವೆ ಆಗಿ. ಇವತ್ತು ಕೇಳ್ತಿದ್ದೀರಲ್ಲ, ಮೀಸೆ ಹೋಗುತ್ತೆ ಅಂತ ಭಯಾನಾ?"